ಎದುರು ಕೂತು ತಿಂದವರು

ಇಸ್ತ್ರಿ ಕೆಡಬಾರದೆಂದು ಬೆನ್ನು ಸೀಟಿಗೆ ತಾಗಿಸದೆ ಕೂತಿದ್ದ ಮಹಾಂತೇಶನಿಗೆ ತಾನು ಮತ್ತೆ ತಲೆಯಾಡಿಸುತ್ತಿದ್ದೇನೆಂಬುದು ಗೊತ್ತಾದದ್ದು ಪಕ್ಕದ ಮುದುಕ ಕೇಳಿದಾಗ. "ಏನ್ರಿ, ಏನಾರ ಅಂದ್ರಾ?" ಎಂದ ಆತ. ನಂದಿಗುಡಿಗೆ ಹೊರಟವನಿರಬೇಕು, ಹಣೆ ತುಂಬ ವಿಭೂತಿ, ತೊಡೆಯ ಮೇಲೊಂದು ಗಂಟು. "ಇಲ್ರಿ, ಏನಿಲ್ಲ" ಎಂದು ಮಹಾಂತೇಶ ಕಿಟಕಿಯತ್ತ ತಿರುಗಿದ. ಬಸ್ಸು ದಾವಣಗೆರೆ ಬಿಟ್ಟು ಪಿ.ಬಿ. ರಸ್ತೆಗೆ ಬಿದ್ದಿತ್ತು. ಗುರುವಾರದಿಂದ ಈ ತಲೆ ಅವನ ಮಾತು ಕೇಳುತ್ತಿಲ್ಲ. ಸ್ನಾನ ಮಾಡುವಾಗ, ಊಟಕ್ಕೆ ಕೂತಾಗ, ಹೆಂಡತಿ ಏನೋ ಕೇಳಿ ಉತ್ತರಕ್ಕೆ ಕಾಯುವಾಗ, ತಂತಾನೇ ಮೇಲೆ ಕೆಳಗೆ ಆಡುತ್ತದೆ. ಗುರುವಾರ ಕಾರ್ಖಾನೆಗೆ ಬಂದ ಹಾಲೆಂಡಿನ ಸಾಹೇಬನ ಎದುರು ಹೀಗೆಯೇ ಆಡಿತ್ತು. ಗೆಳೆಯ ಬಕ್ಕೇಶ, ಆ ಸಾಹೇಬನಿಗೆ ಇಂಗ್ಲಿಷಿನಲ್ಲಿ, ಇದೆಲ್ಲ ನಾನು ಕಂಡುಹಿಡಿದ ಪದ್ಧತಿ, ಇವನಿಗೆ ತರಬೇತಿ ಕೊಟ್ಟವನೂ ನಾನೇ ಎಂದಿದ್ದ. ಅಷ್ಟು ಇಂಗ್ಲಿಷು ಮಹಾಂತೇಶನಿಗೆ ತಿಳಿಯುತ್ತಿತ್ತು. ತಿಳಿದೂ, ಸಾಹೇಬ ಮೆಚ್ಚಿಕೆಯಿಂದ ತನ್ನತ್ತ ನೋಡಿದಾಗ ಹೌದು ಹೌದು ಎಂದು ತಲೆಯಾಡಿಸಿದ್ದ. ಬರೀ ಆಡಿಸಿದ್ದಲ್ಲ, ನಕ್ಕಿದ್ದ ಕೂಡ. ಯಾರೋ ತನ್ನ ಮನೆಯ ಬಾಗಿಲು ಕಿತ್ತುಕೊಂಡು ಹೋಗುವಾಗ ಒಂದು ಕಡೆ ಹಿಡಿದು ಸಹಾಯ ಮಾಡಿದ ಹಾಗೆ. ಥೂ ನಿನ್ನ, ಎಂದು ತನ್ನನ್ನೇ ಬೈದುಕೊಂಡ.

ಬೆಳಿಗ್ಗೆ ದಾವಣಗೆರೆಯ ಆನೆಕೊಂಡದ ಮನೆಯಲ್ಲಿ ನಿರ್ಮಲ ಈ ಅಂಗಿಗೆ ಇಸ್ತ್ರಿ ತಿಕ್ಕುತ್ತ, "ಇವತ್ತು ಮ್ಯಾನೇಜರ್ ಯಾರಂತ ಹೆಸರು ಹೇಳ್ತಾರಂತಲ್ಲ" ಎಂದಿದ್ದಳು. ಅವನು ಹೂಂಗುಟ್ಟಿದ. "ಬಕ್ಕೇಶಣ್ಣ ಅದಾನಲ್ಲ, ನಿಮಗ್ಯಾಕ ಚಿಂತಿ" ಎಂದು ಅವಳು ಕಾಲರನ್ನು ಮತ್ತೊಮ್ಮೆ ಒತ್ತಿದಳು. ಹೇಳಬೇಕೆಂದುಕೊಂಡ, ಹೇಳಲಿಲ್ಲ. ಏನಂತ ಹೇಳುವುದು? ಹರಿಹರದ ಪಂಪಿನ ಕಾರ್ಖಾನೆಯಲ್ಲಿ ಒಂದು ತಗಡಿನ ಶೆಡ್ಡು ಬಿಟ್ಟರೆ ಬೇರೇನೂ ಇಲ್ಲದ ಕಾಲದಿಂದ ಅವನು ಡಿಸ್ಪ್ಯಾಚ್ ನೋಡಿಕೊಂಡವನು. ಯಾವ ಲಾರಿಗೆ ಯಾವ ಲೋಡು, ಯಾವ ಡ್ರೈವರು ಯಾವ ದಾರಿ, ಇವತ್ತು ಯಾರನ್ನು ಕಳಿಸಬಹುದು ಯಾರನ್ನು ಕಳಿಸಬಾರದು, ಎಲ್ಲ ಅವನದೇ. ಈಗ ಹಾಲೆಂಡಿನ ಕಂಪನಿಯೊಂದು ಕಾರ್ಖಾನೆಯ ಅರ್ಧ ಪಾಲು ಕೊಂಡಿತ್ತು. ಕೊಂಡ ಮೇಲೆ ಅದೇ ಕೆಲಸಕ್ಕೆ ಲಾಜಿಸ್ಟಿಕ್ಸ್ ಎಂಬ ಹೆಸರು ಬಂತು, ಅದಕ್ಕೊಬ್ಬ ಮ್ಯಾನೇಜರ್ ಬೇಕೆಂದಾಯಿತು. ಮ್ಯಾನೇಜರ್ ಆದವನ ಕೈಗೆ ಯಾರ್ಡು. ಆಗದವನು ಎಲ್ಲಿ ಕೂರಬೇಕೆಂದು ಯಾರೂ ಹೇಳಿರಲಿಲ್ಲ. ಸಂಬಳ ಏರುತ್ತದೆಂದು ನಿರ್ಮಲ ಹಿಗ್ಗಿದ್ದಳು. ಅವನಿಗೆ ಅದು ಹೊಳೆದೂ ಇರಲಿಲ್ಲ. ಯಾರ್ಡಿನ ಹುಣಸೆ ಮರದ ಕೆಳಗೆ, ತನ್ನ ಬೆಂಚಿನ ಮೇಲೆ ಇನ್ನೊಬ್ಬ ಕೂತಿರುವುದನ್ನು ನೆನೆದರೆ ಸಾಕು, ಉಣ್ಣುವ ತಟ್ಟೆ ಬಿಟ್ಟು ಏಳುತ್ತಿದ್ದ.

ಬಕ್ಕೇಶ ಅದೇ ಕಾರ್ಖಾನೆಯ ಪರ್ಸೊನೆಲ್ ಆಫೀಸಿನವನು, ನೌಕರರ ನೇಮಕ, ರಜೆ ನೋಡುವವನು. ಒಂದೇ ಓಣಿ, ಒಂದೇ ಶಾಲೆ, ಇಬ್ಬರಿಗೂ ಒಂದೇ ದಿನ ಅಯ್ಯನವರು ಲಿಂಗದೀಕ್ಷೆ ಕೊಟ್ಟದ್ದು. ಬಕ್ಕೇಶ ಮುಂದೆ ಧಾರವಾಡದಲ್ಲಿ ಓದಿ ಇಂಗ್ಲಿಷು ಕಲಿತ, ಮಹಾಂತೇಶ ಡಿಪ್ಲೊಮಾ ಅರ್ಧಕ್ಕೆ ಬಿಟ್ಟ. ನಿರ್ಮಲ ಶೇಂಗಾ ಹೋಳಿಗೆ ಮಾಡಿದರೆ ಮೊದಲ ತಟ್ಟೆ ಬಕ್ಕೇಶನ ಮನೆಗೆ ಹೋಗುತ್ತಿತ್ತು. ಗುರುವಾರ ಸಾಹೇಬನನ್ನು ಯಾರ್ಡಿಗೆ ಕರೆತರುವ ಮುಂಚೆ ಬಕ್ಕೇಶನೇ ಬಂದು ಹೆಗಲ ಮೇಲೆ ಕೈ ಹಾಕಿದ್ದ. "ನೋಡೋ ಮಾಂತೇಶಾ, ನೀನು ಇಂಗ್ಲಿಷ್ ಮಾತಾಡಾಕೆ ಹೋಗಿ ತೊದಲಬ್ಯಾಡ. ಕನ್ನಡದಾಗ ಮನಸು ಬಿಚ್ಚಿ ಹೇಳು. ನಾನು ಅವನಿಗೆ ತಿಳಿಸ್ತೀನಿ." ಎಷ್ಟು ಹಗುರವಾಗಿತ್ತು ಆ ಮಾತು ಕೇಳಿ. ಹಿಂದಿನ ರಾತ್ರಿಯೆಲ್ಲ ಮಗಳು ನಯನಾಳ ಇಂಗ್ಲಿಷು ಪುಸ್ತಕ ಹಿಡಿದು ಬಾಯಿಪಾಠ ಮಾಡಿದ ನಾಲ್ಕು ವಾಕ್ಯಗಳನ್ನು ಅಲ್ಲೇ ಮರೆತುಬಿಟ್ಟಿದ್ದ. ತನ್ನ ಬಾಯನ್ನೇ ಇನ್ನೊಬ್ಬನ ಕೈಗೆ ಕೊಡುತ್ತಿದ್ದೇನೆ ಎಂದು ಆಗ ತೋಚಲಿಲ್ಲ, ಹೆಗಲ ಮೇಲಿನ ಆ ಕೈ ಹಾಗೆ ತೋಚಲು ಬಿಡುವಂಥದೂ ಆಗಿರಲಿಲ್ಲ.

ಸಾಹೇಬನ ಹೆಸರು ಪೀಟರ್. ಉದ್ದನೆಯ, ಕೆಂಪು ಮೂತಿಯ, ಸಾದಾ ಮನುಷ್ಯ. ಬೆಂಚಿನ ಮೇಲೆ ಕೂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ತಾನು ಕಂಡ ದೇಶಗಳ ಕತೆ ಹೇಳಿದ. ಬಕ್ಕೇಶ ಕನ್ನಡಕ್ಕೆ ತಂದು ಹೇಳುತ್ತ ಹೋದ. ಹಾಲೆಂಡಿನಲ್ಲಿ ಈ ಕೆಲಸ ಮಾಡುವವನಿಗೆ ಮೂರು ನಾಲ್ಕು ಭಾಷೆ ಬರಬೇಕಂತೆ, ಅಲ್ಲಿ ಲಾರಿಯೊಂದು ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಬೇರೆ ಬೇರೆ ದೇಶ ದಾಟುತ್ತದಂತೆ. ಜರ್ಮನಿಯಲ್ಲಿ ಕಾಗದಪತ್ರ, ಒಂದು ಮೊಹರು ತಪ್ಪಿದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಬ್ರೆಜಿಲಿನಲ್ಲಿ ಯಾವ ರಸ್ತೆಯಲ್ಲಿ ಯಾವಾಗ ದರೋಡೆಯಾಗುತ್ತದೆ ಎಂಬುದು ಗೊತ್ತಿರಬೇಕು. ಜಪಾನಿನಲ್ಲಿ ಮಾಲು ತಡವಾಗುವ ಮುಂಚೆಯೇ ಕ್ಷಮೆ ಕೇಳುವುದು ಬರಬೇಕು. ಮಹಾಂತೇಶ ಬಾಯಿ ತೆರೆದು ಕೇಳಿದ. ಇಷ್ಟು ವರ್ಷ ತಾನು ಹರಿಹರದ ಧೂಳಿನಲ್ಲಿ ನಿಂತು ಹಮಾಲರ ಜೊತೆ ಕೂಗಾಡಿ ಮಾಡುತ್ತಿದ್ದದ್ದು ಜಗತ್ತಿನ ತುಂಬ ಜನ ಮಾಡುವ ಒಂದು ವಿದ್ಯೆ ಎಂದು ಯಾರೂ ಹೇಳಿರಲಿಲ್ಲ. ಜಪಾನಿನಲ್ಲಿ ಯಾವನೋ ಒಬ್ಬ ತನ್ನಂಥವನು ಈ ಹೊತ್ತಿಗೆ ಯಾರದೋ ಎದುರು ಬಗ್ಗಿ ಕ್ಷಮೆ ಕೇಳುತ್ತಿರಬಹುದು ಎಂದು ನೆನೆದು ಅವನ ಮೇಲೆ ಅಕ್ಕರೆ ಬಂತು. "ಇಲ್ಲಿ ಏನು ಬೇಕಾಗ್ತೈತೆ ಅಂತ ಕೇಳ್ತಾನೆ" ಎಂದ ಬಕ್ಕೇಶ. ಚೆಕ್‌ಪೋಸ್ಟು ಎನ್ನಬಹುದಿತ್ತು. ಟೈರು, ಮಳೆ, ಹಮಾಲರ ಯೂನಿಯನ್ನು, ಏನಾದರೂ ಅನ್ನಬಹುದಿತ್ತು. ಅಂದಿದ್ದರೆ ಏನೂ ಹೋಗುತ್ತಿರಲಿಲ್ಲ. ಆದರೆ ಅಷ್ಟೂ ದೇಶದವರಿಗೆ ಒಂದೊಂದು ಇರುವಾಗ ತನ್ನ ಹತ್ತಿರವೂ ತನ್ನದೇ ಒಂದಿದೆ ಎಂಬ ಹುರುಪು ಗಂಟಲಿಗೆ ಬಂದು, "ಮಂಡಕ್ಕಿ" ಎಂದುಬಿಟ್ಟ.

ದೂರದ ಲೋಡು ಹೊರಡುವ ಮುಂಚೆ ಡ್ರೈವರನ್ನು ಬೆಂಚಿನ ಮೇಲೆ ಎದುರು ಕೂರಿಸಿಕೊಂಡು ಮಂಡಕ್ಕಿ ತಿನ್ನುವುದು ಮಹಾಂತೇಶನ ಪದ್ಧತಿ. ಗೇಟಿನ ಹೊರಗೆ ಯಲ್ಲಕ್ಕನ ಗಾಡಿಯಿಂದ ಖಾರ ಹಚ್ಚಿದ ಮಂಡಕ್ಕಿ, ಮೇಲೆರಡು ಮಿರ್ಚಿ ಬಜ್ಜಿ, ಪೇಪರಿನಲ್ಲಿ ಬರುತ್ತದೆ. ಅದೂ ಇದೂ ಮಾತಾಡುತ್ತ ತಿನ್ನುವುದು. ಡ್ರೈವರುಗಳ ಪಾಲಿಗೆ ಅದು ಅಣ್ಣಾರ ಪ್ರೀತಿ, ಬೇರೆ ಯಾವ ಕಾರ್ಖಾನೆಯಲ್ಲೂ ಇಲ್ಲದ ಮರ್ಯಾದೆ. ಮಹಾಂತೇಶ ಮಾತ್ರ ತಿನ್ನುವಾಗ ಅವರ ಕೈ ನೋಡುತ್ತಿದ್ದ. ಚೆನ್ನಾಗಿ ನಿದ್ದೆ ಮಾಡಿದವನು ಮಂಡಕ್ಕಿಯನ್ನು ಮುಷ್ಟಿಯಲ್ಲಿ ತೆಗೆದು ದೂರದಿಂದಲೇ ಬಾಯಿಗೆ ಎಸೆದುಕೊಳ್ಳುತ್ತಾನೆ. ನಿದ್ದೆಗೆಟ್ಟವನು ಕೈಯನ್ನು ಬಾಯಿಯ ತನಕ ಒಯ್ಯುತ್ತಾನೆ, ಆದರೂ ಅಂಗಿಯ ಮೇಲೆ ಚೆಲ್ಲಿಕೊಳ್ಳುತ್ತಾನೆ, ಚೆಲ್ಲಿದ್ದು ಅವನಿಗೆ ಗೊತ್ತಾಗುವುದಿಲ್ಲ. ಹಿಂದಿನ ರಾತ್ರಿ ಕುಡಿದವನು ಮಿರ್ಚಿ ಕಚ್ಚುವುದಿಲ್ಲ. ಮನೆಯಲ್ಲಿ ಜಗಳವಾಡಿ ಬಂದವನು ಶೇಂಗಾ ಆರಿಸಿ ಒಂದು ಕಡೆ ಗುಡ್ಡೆ ಹಾಕಿ ತಿನ್ನುವುದನ್ನೇ ಮರೆಯುತ್ತಾನೆ. ಅಂಥವನಿಗೆ ಮಹಾಂತೇಶ ಏನೂ ಅನ್ನುತ್ತಿರಲಿಲ್ಲ. "ಲೋಡು ಇನ್ನೂ ಆಗಿಲ್ಲಪ್ಪ, ನಾಳಿಗೆ ಬಿಡಾನ. ಹೋಗಿ ಶೆಡ್ಡಿನಾಗ ಮಕ್ಕೋ" ಎಂದು ಸುಳ್ಳು ಹೇಳುತ್ತಿದ್ದ. ತುಂಬಿ ನಿಂತ ಲಾರಿಗೆ ತಾಡಪಾಲು ಹೊದಿಸಿ ಒಂದು ದಿನ ನಿಲ್ಲಿಸಿಕೊಳ್ಳುತ್ತಿದ್ದ, ಮೇಲಿನವರ ಬೈಗುಳ ತಾನು ತಿನ್ನುತ್ತಿದ್ದ. ಅವನ ಯಾರ್ಡಿನಿಂದ ಹೊರಟ ಗಾಡಿ ಬಾಂಬೆ ದಾರಿಯ ಖಂಬಾಟ್ಕಿ ಘಾಟಿನಲ್ಲಾಗಲಿ ಖಂಡಾಳದಲ್ಲಾಗಲಿ ಉರುಳಿದ್ದಿಲ್ಲ. ಈ ಗುಟ್ಟನ್ನು ಹೆಂಡತಿಗೂ ಹೇಳಿರಲಿಲ್ಲ, ಯಾಕೆಂದರೆ ಡ್ರೈವರುಗಳ ಕಿವಿಗೆ ಬಿದ್ದ ದಿನ ಯಾರೂ ತನ್ನೆದುರು ಕೂತು ತಿನ್ನುವುದಿಲ್ಲ, ತಿಂದರೂ ಅದು ತಿನ್ನುವುದಾಗಿರುವುದಿಲ್ಲ. ಇದನ್ನು ಅಷ್ಟು ಕಾಪಾಡಿಕೊಂಡು ಬಂದವನು ಆ ಕೆಂಪು ಮೂತಿಯವನು ನಾಲ್ಕು ದೇಶದ ಹೆಸರು ಹೇಳಿದ್ದಕ್ಕೆ ಪೂರ್ತಿ ಬಿಚ್ಚಿಟ್ಟಿದ್ದ.

ಬಿಚ್ಚಿಡುವಾಗ ಎಂಥ ಸುಖ. ಬಕ್ಕೇಶ ಕೂಡ ಮೊದಲ ಸಲ ಕೇಳುತ್ತಿದ್ದ, ಅವನ ಕಣ್ಣು ಅಗಲವಾಗಿತ್ತು, ಹೌದೇನೋ ಎಂದು ಎರಡು ಸಲ ಕೇಳಿದ. ಆಮೇಲೆ ಸಾಹೇಬನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳತೊಡಗಿದಾಗ ಆ ಮುಖ ಬೇರೆಯಾಯಿತು. ಪರ್ಸೊನೆಲ್ ಡಿಪಾರ್ಟ್‌ಮೆಂಟಿನಲ್ಲಿ ತಾನು ಕೂತು ಯೋಚಿಸಿದ ಪದ್ಧತಿ ಎಂದ, ಡ್ರೈವರುಗಳ ಮನಸ್ಸನ್ನು ಅಭ್ಯಾಸ ಮಾಡಿದ್ದೇನೆ ಎಂದ, ಇವನಿಗೆ ನಾನೇ ಕಲಿಸಿದೆ ಎಂದ. ಒಂದೇ ಒಂದು ಸಲವೂ ತಡವರಿಸಲಿಲ್ಲ. ಮಹಾಂತೇಶನ ಬಾಯಿಗೆ ಬಂದ ಇಂಗ್ಲಿಷು ಮಾತು ಒಂದೇ, ನೋ. ಅದನ್ನು ಅಂದ ಮೇಲೆ ಮುಂದಿನ ಮಾತು ಬರಬೇಕಲ್ಲ. ಬಾರದೆ, ನೋ ಎಂದು ಬಾಯಿ ಬಿಟ್ಟುಕೊಂಡು ನಿಂತರೆ ಸಾಹೇಬನ ಕಣ್ಣಿಗೆ ತಾನು ಹೇಗೆ ಕಾಣುತ್ತೇನೆ? ಅಷ್ಟರಲ್ಲಿ ಸಾಹೇಬ ಇವನತ್ತ ತಿರುಗಿದ್ದ. ತಲೆ ಆಡಿಯೇಬಿಟ್ಟಿತು.

ಅವತ್ತು ಸಂಜೆ ಬಕ್ಕೇಶನ ಸ್ಕೂಟರಿನ ಹಿಂದೆ ಕೂತು ದಾವಣಗೆರೆಗೆ ಬರುವಾಗ ಕೇಳಿದ್ದ. ಕೇಳಿದ್ದೂ ಎಂಥ ಕೇಳುವಿಕೆ, ಗಾಳಿಗೆ ಎದುರಾಗಿ, ಅವನ ಬೆನ್ನಿಗೆ. "ಬಕ್ಕ, ಸಾಹೇಬಗೆ ಏನೋ ಬ್ಯಾರೆ ಹೇಳ್ದಂಗಿತ್ತಲ್ಲೋ." ಬಕ್ಕೇಶ ಸ್ಕೂಟರು ನಿಧಾನ ಮಾಡಲಿಲ್ಲ. "ಅವರಿಗೆ ಸಿಸ್ಟಮ್ ಬೇಕಲೇ. ಒಬ್ಬ ಮನುಷ್ಯ ತನ್ನ ಪಾಡಿಗೆ ಮಾಡ್ತಾನೆ ಅಂದ್ರೆ ಅವರು ನಂಬಲ್ಲ. ಆಫೀಸಿನಿಂದ ಬಂದಿದ್ದು ಅನ್ನಬೇಕಾಗತೈತೆ. ನಿನ್ನ ಹೆಸರು ಹೇಳೀನಿ, ಸುಮ್ನಿರು" ಎಂದಿದ್ದ. ಆ ಬೆನ್ನನ್ನು ನಂಬಿದ. ನಂಬಲಿಲ್ಲ. ನಂಬಿದವನ ಹಾಗೆ ಆನೆಕೊಂಡದ ಮೂಲೆಯಲ್ಲಿ ಇಳಿದು, "ಬಾರೋ, ಚಾ ಕುಡ್ಕೊಂಡು ಹೋಗು" ಎಂದು ಕರೆದಿದ್ದ. ಬಕ್ಕೇಶ ಬಂದು ಕುಡಿದೂ ಹೋಗಿದ್ದ, ನಯನಾಳ ಜಡೆ ಎಳೆದು ನಗಿಸಿದ್ದ. ಮನೆಗೆ ಬಂದವನ ಕಪ್ಪಿಗೆ ಇನ್ನೊಂದು ಚಮಚೆ ಸಕ್ಕರೆ ಹಾಕಿಸಿದವನು ತಾನೇ ಎಂಬುದು ಈಗ ಬಸ್ಸಿನಲ್ಲಿ ನೆನಪಾಗಿ ಮೈಯೆಲ್ಲ ಉರಿಯಿತು. ಹರಿಹರ ಬಂತು, ಇಳಿದ.

ಕಾರ್ಖಾನೆಯ ಮೀಟಿಂಗ್ ಹಾಲಿನಲ್ಲಿ ಕುರ್ಚಿ ಸಾಲದೆ, ಡಿಸ್ಪ್ಯಾಚಿನಿಂದ ತರಿಸಿಕೊಡಿ ಎಂದು ಆಫೀಸಿನ ಪ್ರೇಮಲತಾ ಮೇಡಂ ಇವನಿಗೇ ಹೇಳಿದರು. ಹೇಳುವುದಕ್ಕೆ ಯಾರೂ ಸಿಗದೆ ತಾನೇ ಎರಡು ಕುರ್ಚಿ ಹೊತ್ತು ತಂದ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತು, ಬಸ್ಸಿನಲ್ಲಿ ನೆಟ್ಟಗೆ ಕೂತದ್ದೆಲ್ಲ ದಂಡವಾಯಿತು. ತಂದ ಕುರ್ಚಿಯ ಮೇಲೆ ಬೇರೆಯವರು ಕೂತರು, ಅವನು ಹಿಂದೆ ಗೋಡೆಗೆ ಒರಗಿ ನಿಂತ. ದೀಪ ಆರಿಸಿದರು. ಪ್ರೊಜೆಕ್ಟರಿನ ಬೆಳಕು ಗೋಡೆಯ ಮೇಲೆ ಬಿತ್ತು. ಬೇರೆ ಬೇರೆ ದೇಶಗಳಲ್ಲಿ ಲಾಜಿಸ್ಟಿಕ್ಸ್ ಮ್ಯಾನೇಜರಿಗೆ ಬೇಕಾದ ಕೌಶಲಗಳು ಎಂದು ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಹಾಲೆಂಡ್, ಜರ್ಮನಿ, ಬ್ರೆಜಿಲ್, ಜಪಾನ್, ಕೆಳಗೆ ಇಂಡಿಯ. ಇಂಡಿಯದ ಎದುರು ಮಂಡಕ್ಕಿ ಎಂಬ ಪದ ಇಂಗ್ಲಿಷು ಅಕ್ಷರದಲ್ಲಿ ಮೂಡಿದಾಗ ಎಲ್ಲರೂ ನಕ್ಕರು, ಪ್ರೀತಿಯ ನಗೆ. ಅದನ್ನು ವಿವರಿಸುತ್ತ ನಿಂತಿದ್ದವನು ಬಕ್ಕೇಶ. ಶೇಂಗಾ ಗುಡ್ಡೆ ಹಾಕುವವನ ಬಗ್ಗೆ ಹೇಳಿದ, ಮಿರ್ಚಿ ಕಚ್ಚದವನ ಬಗ್ಗೆ ಹೇಳಿದ, ಮಹಾಂತೇಶ ಗುರುವಾರ ಕೈಯಾಡಿಸಿ ತೋರಿಸಿದ ಹಾಗೆಯೇ ಮುಷ್ಟಿ ಎತ್ತಿ ಬಾಯಿಗೆ ಎಸೆದುಕೊಂಡು ತೋರಿಸಿದ. ತನ್ನ ಕೈಯನ್ನೇ ಅವನ ತೋಳಿಗೆ ಜೋಡಿಸಿದ್ದಾರೆ ಎನಿಸಿತು. ಆಮೇಲೆ ಸಾಹೇಬ ಎದ್ದು ಹೆಸರು ಹೇಳಿದ. ಬಕ್ಕೇಶ. ಚಪ್ಪಾಳೆ ಬಿತ್ತು. ಮಹಾಂತೇಶನೂ ತಟ್ಟಿದ, ತಟ್ಟದೆ ನಿಂತರೆ ಜನ ನೋಡುತ್ತಾರಲ್ಲ.

ಪೇಡೆ, ಖಾರ ಹಂಚುವಾಗ ಬಕ್ಕೇಶ ಜನರ ನಡುವಿನಿಂದ ದಾರಿ ಮಾಡಿಕೊಂಡು ಇವನ ಹತ್ತಿರ ಬಂದ. ಮುಖದಲ್ಲಿ ನಾಚಿಕೆಯೇನೂ ಇರಲಿಲ್ಲ. ಅದೇ ಸಹಿಸಲಾಗಲಿಲ್ಲ.

"ಬ್ಯಾಸರ ಮಾಡ್ಕೋಬ್ಯಾಡ ಮಾಂತೇಶಾ. ನಾನಾಗಲಿಲ್ಲ ಅಂದಿದ್ರೆ ಬೆಂಗಳೂರಿನವನ ತಂದು ಕೂರಿಸ್ತಿದ್ರು. ಅವನು ನಿನ್ನ ಮೊದಲನೇ ದಿನ ಸ್ಟೋರಿಗೆ ಹಾಕ್ತಿದ್ದ. ನಾನು ನಿನ್ನ ಎಲ್ಲಿಗೂ ಹಾಕಲ್ಲ."

"ನನ್ನ ಹೆಸರು ಹೇಳೀನಿ ಅಂದಿದ್ದೆಯಲ್ಲ."

"ಹೇಳೀನಲ್ಲೋ. ಕೆಲಸಗಾರ ಭಾಳ ನಿಯತ್ತಿನವನು ಅಂತ ಹೇಳೀನಿ."

ನಿಯತ್ತು. ನಾಯಿಗೂ ಅದನ್ನೇ ಅನ್ನುತ್ತಾರೆ. ಅಂದುಬಿಡಬೇಕು, ನೀನು ಮೋಸಗಾರ, ನನ್ನ ಮನೆಯ ಅನ್ನ ತಿಂದು ನನ್ನ ಕತ್ತು ಕೊಯ್ದೆ ಎಂದು ಎಲ್ಲರೆದುರು ಕನ್ನಡದಲ್ಲೇ ಅಂದುಬಿಡಬೇಕು. ಬಾಯಿಯ ತುಂಬ ಪೇಡೆ ಇತ್ತು. ಬಕ್ಕೇಶನೇ ತುರುಕಿದ್ದ, ಮಾತಾಡುತ್ತಲೇ. ಅದನ್ನು ನುಂಗುವಷ್ಟರಲ್ಲಿ ಬಕ್ಕೇಶ ಅವನ ಮೊಣಕೈ ಹಿಡಿದು ಹೊರಗೆ ನಡೆಸತೊಡಗಿದ್ದ. "ಬಾ, ಯಾರ್ಡಿಗೆ ಹೋಗಾನ. ಸಾಹೇಬ ಬೆಂಗಳೂರಿಗೆ ಹೊರಡೋ ಮುಂಚೆ ಮಂಡಕ್ಕಿ ಪದ್ಧತಿ ಕಣ್ಣಾರೆ ನೋಡಬೇಕಂತೆ, ಫೋಟೋ ತೆಗೀತಾನಂತೆ. ಇವತ್ತು ಬಾಂಬೆ ಲೋಡು ಯಾರದು?" ಅಬ್ದುಲ್ ರಹೀಮನದು, ಎಂದು ಮಹಾಂತೇಶ ಉತ್ತರ ಕೊಟ್ಟ. ಕೇಳಿದ್ದಕ್ಕೆ ಉತ್ತರ ಕೊಡುವುದು ಅಷ್ಟು ರೂಢಿಯಾಗಿತ್ತು. ಹತ್ತು ಹೆಜ್ಜೆ ನಡೆದ ಮೇಲೆ ಹೊಳೆಯಿತು. ಪದವಿ ಹೋಯಿತು, ಹೋಗಲಿ. ಈಗ ಇವನು ಇದನ್ನು ಡ್ರೈವರುಗಳ ಎದುರೇ ಹೇಳುತ್ತಾನೆ.

"ಬಕ್ಕ, ಬ್ಯಾಡೋ. ಡ್ರೈವರುಗಳಿಗೆ ಇದು ಗೊತ್ತಿಲ್ಲ. ಗೊತ್ತಾಗಬಾರದು."

"ಗೊತ್ತಾದ್ರೆ ಏನಾಗತೈತೆ? ಒಳ್ಳೇದಕ್ಕೇ ಮಾಡೋದಲ್ಲೇನು" ಎಂದ ಬಕ್ಕೇಶ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಯಾರ್ಡಿನಲ್ಲಿ ಡ್ರೈವರುಗಳು, ಹಮಾಲರು ಸಾಹೇಬನನ್ನು ನೋಡಲು ಗುಂಪು ಕಟ್ಟಿದ್ದರು. ಬಕ್ಕೇಶ ಬೆಂಚಿನ ಮೇಲೆ, ಮಹಾಂತೇಶ ಕೂರುವ ತುದಿಯಲ್ಲೇ ಕೂತ. ಯಲ್ಲಕ್ಕನ ಗಾಡಿಯಿಂದ ಮಂಡಕ್ಕಿ ಬಂತು. ಅಬ್ದುಲ್ ರಹೀಮ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದು, ಯಾರ ಎದುರು ಕೂರಬೇಕೆಂದು ತಿಳಿಯದೆ ಮಹಾಂತೇಶನತ್ತ ನೋಡಿದ. ಗಡ್ಡದಲ್ಲಿ ಅರ್ಧ ಬಿಳಿ ಬಂದವನು, ಈ ಕಾರ್ಖಾನೆಯ ಮೊದಲನೆಯ ಲೋಡು ಒಯ್ದವನು. "ಕೂಡ್ರಿ ಸಾಬ್ರೇ, ಹೆದರಬ್ಯಾಡ್ರಿ" ಎಂದು ಬಕ್ಕೇಶ ನಗುತ್ತ, ಸುತ್ತಲಿದ್ದವರಿಗೂ ಕೇಳುವಂತೆ ಶುರು ಮಾಡಿದ. "ನೀವು ಮಂಡಕ್ಕಿ ತಿಂತೀರಲ್ಲ, ಅದು ಬರೀ ತಿನ್ನೋದಲ್ಲಪ್ಪ. ನೀವು ಹೆಂಗೆ ತಿಂತೀರಿ ಅಂತ ನೋಡಿ ನೀವು ಗಾಡಿ ಓಡಿಸಬಹುದೋ ಇಲ್ಲೋ ಅಂತ ತೀರ್ಮಾನ ಮಾಡ್ತೀವಿ. ನಿದ್ದೆಗೆಟ್ಟೀರೋ, ಕುಡಿದೀರೋ, ಎಲ್ಲ ಗೊತ್ತಾಗತೈತೆ. ಮಾಂತೇಶ ಇಷ್ಟು ದಿನ ಮಾಡ್ತಿದ್ದದ್ದು ಅದೇ. ಹೌದಲ್ಲೋ ಮಾಂತೇಶ?" ಯಾರೋ ಮೊದಲು ನಕ್ಕರು. ಆಮೇಲೆ ನಗೆ ನಿಂತಿತು. ಮಲೆಬೆನ್ನೂರಿನ ಕಡೆಯ ಡ್ರೈವರು ಉಚ್ಚೆಂಗಪ್ಪ ಗುಂಪಿನಿಂದ ಒಂದು ಹೆಜ್ಜೆ ಮುಂದೆ ಬಂದು, "ಅಣ್ಣಾರ, ಹಂಗಾದ್ರೆ ನಮ್ಮಪ್ಪ ತೀರಿಕೊಂಡು ದಿನ ಮಾಡಿ ಬಂದಾಗ, ಲೋಡು ಆಗಿಲ್ಲ, ಮಕ್ಕೋ ಅಂದ್ರಲ್ಲ. ಆವತ್ತು ಲೋಡು ಆಗಿತ್ತಾ?" ಎಂದು ಕೇಳಿದ. ಸಿಟ್ಟಿರಲಿಲ್ಲ ಆ ದನಿಯಲ್ಲಿ, ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು. ಮಹಾಂತೇಶ ಎಲ್ಲಿ ನೋಡಬೇಕೆಂದು ತಿಳಿಯದೆ ಲಾರಿಯ ನಂಬರು ಓದುತ್ತ ನಿಂತ.

ರಹೀಮ ಕೂತು ತಿನ್ನತೊಡಗಿದ. ಎಲ್ಲರೂ ನೋಡುತ್ತಿರುವಾಗ ಮನುಷ್ಯ ತಿನ್ನುವುದೇ ಬೇರೆ. ಬೆನ್ನು ನೆಟ್ಟಗೆ ಮಾಡಿ, ಮುಷ್ಟಿ ತುಂಬ ತೆಗೆದು, ದೂರದಿಂದ ಎಸೆದುಕೊಂಡ. ಮಿರ್ಚಿಯನ್ನು ತೊಟ್ಟಿನ ತನಕ ಕಚ್ಚಿದ. ಸಾಹೇಬ ಫೋಟೋ ತೆಗೆದ. "ಫಸ್ಟ್ ಕ್ಲಾಸ್" ಎಂದು ಬಕ್ಕೇಶ ಗೇಟ್ ಪಾಸಿಗೆ ಸಹಿ ಮಾಡಲು ಪೆನ್ನು ತೆಗೆದ. ಆದರೆ ಮಹಾಂತೇಶ ಕಂಡಿದ್ದ. ಎಸೆದ ಮುಷ್ಟಿಯಲ್ಲಿ ಅರ್ಧ ಗಡ್ಡದ ಮೇಲೆ ಬಿದ್ದಿತ್ತು, ರಹೀಮನಿಗೆ ಗೊತ್ತಾಗಿರಲಿಲ್ಲ. ಕಚ್ಚಿದ ಮಿರ್ಚಿಯ ಖಾರಕ್ಕೆ ಕಣ್ಣಲ್ಲಿ ನೀರು ಬರಲಿಲ್ಲ, ಕಣ್ಣು ಒಣಗಿ ಕೆಂಪಾಗಿತ್ತು, ರೆಪ್ಪೆ ಇಳಿದು ಏಳುವುದಕ್ಕೆ ಹೊತ್ತು ಹಿಡಿಯುತ್ತಿತ್ತು. ಮನುಷ್ಯ ನಿದ್ದೆ ಮಾಡಿ ದಿನಗಳಾಗಿವೆ. ಆಗ ಮಹಾಂತೇಶನಿಗೆ ಬಂದ ಯೋಚನೆ ಸ್ಪಷ್ಟವಾಗಿಯೇ ಬಂತು. ಸುಮ್ಮನಿದ್ದುಬಿಡು. ಸಹಿ ಬಕ್ಕೇಶನದು. ನಾಳೆ ಘಾಟಿನಲ್ಲಿ ಏನಾದರೂ ಆದರೆ ಪದ್ಧತಿಯೂ ಅವನದು, ಮ್ಯಾನೇಜರೂ ಅವನು. ಬಾಯಿ ಮುಚ್ಚಿಕೊಂಡಿರುವುದು ನಿನಗೆ ಹೊಸದೇನಲ್ಲ. ಆ ಯೋಚನೆ ಎಷ್ಟು ಹಿತವಾಗಿತ್ತೆಂದರೆ ಅವನಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು. ರಹೀಮ ಎದ್ದು ಟವೆಲ್ಲು ಕೊಡವಿದ. ಬಕ್ಕೇಶನ ಪೆನ್ನು ಕಾಗದಕ್ಕೆ ತಾಗಿತು. ಮಹಾಂತೇಶ ಹಿಂದಿನಿಂದ ಬಗ್ಗಿ ಅವನ ಕಿವಿಯಲ್ಲಿ, "ಕಳಿಸಬ್ಯಾಡ. ನಿದ್ದೆ ಇಲ್ಲ ಅವಗೆ" ಎಂದ. ಲೋಡು ಆಗಿಲ್ಲ ಅನ್ನು, ಎಂದೂ ಸೇರಿಸಿದ. ಆದರೆ ಬಕ್ಕೇಶ ಮೊದಲನೆಯ ಮಾತಿಗೇ ಎದ್ದು ನಿಂತಿದ್ದ.

"ರಹೀಮ ಸಾಬ್ರು ಇವತ್ತು ಗಾಡಿ ಓಡಿಸೋದು ಬ್ಯಾಡ. ನಿದ್ದೆಗೆಟ್ಟಾರೆ" ಎಂದು ಗಟ್ಟಿಯಾಗಿ ಹೇಳಿದ. ಸಾಹೇಬನ ಕಡೆ ತಿರುಗಿ ಇಂಗ್ಲಿಷಿನಲ್ಲೂ ಹೇಳಿದ. ಸಾಹೇಬ ಬೆರಗಾಗಿ, ನಿಜವೇ ಕೇಳು ಎಂದ. ಕೇಳಿದರು. ಮಗಳಿಗೆ ಹೆರಿಗೆ ಕಷ್ಟವಾಗಿ ದಾವಣಗೆರೆಯ ಆಸ್ಪತ್ರೆಯಲ್ಲಿ ಎರಡು ರಾತ್ರಿ ಕೂತಿದ್ದೆ ಎಂದು ರಹೀಮ ನೆಲ ನೋಡುತ್ತ ಒಪ್ಪಿಕೊಂಡ. ಸಾಹೇಬ ಬಕ್ಕೇಶನ ಕೈ ಹಿಡಿದು ಕುಲುಕಿದ, ಬಿಡಲೇ ಇಲ್ಲ. ಗಂಡೋ ಹೆಣ್ಣೋ ಎಂದು ಯಾರೂ ರಹೀಮನನ್ನು ಕೇಳಲಿಲ್ಲ. ಮಹಾಂತೇಶನೂ ಕೇಳಲಿಲ್ಲ. ಕೇಳಬೇಕಿತ್ತು ಎಂದು ಹೊಳೆಯುವಷ್ಟರಲ್ಲಿ ಕಾರು ಬಂತು, ಎಲ್ಲರೂ ಕಾರಿನ ಸುತ್ತ ಸೇರಿದರು, ಬಕ್ಕೇಶ ಬಾಗಿಲು ಹಿಡಿದು ಸಾಹೇಬನನ್ನು ಹತ್ತಿಸಿ ತಾನೂ ಬೀಳ್ಕೊಡಲು ಹತ್ತಿದ. ಹತ್ತುವ ಮುಂಚೆ ಕೂಗಿದ, "ಬಾಂಬೆ ಲೋಡು ಇವತ್ತೇ ಹೋಗಬೇಕು ಮಾಂತೇಶಾ. ಹಡಗು ಕಾಯಲ್ಲ. ಯಾರನ್ನಾರ ನೋಡಿ ಕಳಿಸು."

ಧೂಳು ಇಳಿಯಿತು. ರಹೀಮ ಬೆಂಚಿನ ತುದಿಯಲ್ಲಿ ಕೂತಿದ್ದ. ಮಹಾಂತೇಶ ಹತ್ತಿರ ಹೋದ. ಮಗಳು ಹೇಗಿದ್ದಾಳೆ ಎಂದು ಕೇಳಿದ. "ಅದಾಳೆ" ಎಂದ ರಹೀಮ. ಆಮೇಲೆ ಟವೆಲ್ಲಿನಿಂದ ಗಡ್ಡ ಒರೆಸಿಕೊಂಡು, "ಕೇಳಿದ್ರೆ ಹೇಳ್ತಿದ್ದೆ ಅಣ್ಣಾರ. ನಿದ್ದೆ ಆಗೇತೇನೋ ರಹೀಮ ಅಂತ ಒಂದು ಮಾತು ಕೇಳಿದ್ರೆ, ಇಲ್ರಿ ಅಂತ ಹೇಳ್ತಿದ್ದೆ. ಯಾವತ್ತಾದ್ರೂ ನಿಮಗೆ ಸುಳ್ಳು ಹೇಳೀನಾ?" ಎಂದ. ಇಲ್ಲ ಎಂದ ಮಹಾಂತೇಶ. ನಿಮ್ಮ ಮಾನ ಹೋಗಬಾರದು ಅಂತ ಕೇಳುತ್ತಿರಲಿಲ್ಲ ಎಂದು ಹೇಳಬೇಕೆನಿಸಿತು. ಅದು ನಿಜವೂ ಆಗಿತ್ತು. ಆದರೆ ಅದರ ಜೊತೆ ಇನ್ನೊಂದು ಕಾರಣವೂ ಇತ್ತು. ಕೇಳದೆಯೇ ತಿಳಿದುಕೊಳ್ಳುವುದರಲ್ಲಿ ಅವನಿಗೊಂದು ಹೆಮ್ಮೆ ಇತ್ತು, ಆ ಹೆಮ್ಮೆಯೇ ಗುರುವಾರ ಬಾಯಿ ಬಿಚ್ಚಿಸಿದ್ದು. ಬಕ್ಕೇಶ ಕದ್ದದ್ದು ಇವನ ಒಬ್ಬನ ವಿದ್ಯೆ. ಇವನು ಕೊಟ್ಟದ್ದು ಇವರೆಲ್ಲರ ಗುಟ್ಟು, ಅದೂ ತಾನಾಗಿ, ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು. ರಹೀಮ ಎದ್ದು ಶೆಡ್ಡಿನ ಕಡೆ ನಡೆದ. ಮಲಗಲು ಹೇಳಬೇಕಾಗಿರಲಿಲ್ಲ.

ಲೋಡು ನಿಂತಿತ್ತು. ಮಹಾಂತೇಶ ಗುಂಪಿನತ್ತ ತಿರುಗಿ, "ಉಚ್ಚೆಂಗಪ್ಪ, ನೀನು ಹೋಗ್ತೀಯಾ?" ಎಂದ. ಉಚ್ಚೆಂಗಪ್ಪ ಹೂಂ ಎಂದು ಮುಂದೆ ಬಂದು ಗಾಡಿಯ ಬೀಗದ ಕೈ ಈಸಿಕೊಂಡ. ಉಳಿದವರು ಅಲ್ಲೇ ನಿಂತಿದ್ದರು. "ಬಾ, ಒಂದೀಟು ಕೂಡು" ಎಂದ ಮಹಾಂತೇಶ, ರೂಢಿಯ ಬಲದಲ್ಲಿ. ಅಂದ ಕೂಡಲೇ ತನ್ನ ನಾಲಗೆ ಕಚ್ಚಿಕೊಂಡ. ಉಚ್ಚೆಂಗಪ್ಪ ಕೂರಲಿಲ್ಲ. ಬೀಗದ ಕೈಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ತೋಳು ಮೇಲೇರಿಸಿ, ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಹಿಡಿದ. ಬೆರಳುಗಳನ್ನು ಅಗಲಿಸಿದ.

"ನೋಡಿಬಿಡ್ರಿ ಸಾರ್" ಎಂದ.

ಯಾವತ್ತೂ ಅವನು ಸಾರ್ ಎಂದವನಲ್ಲ. ಕೆಳಗಿಳಿಸೋ ಆ ಕೈನ ಎನ್ನಬೇಕಿತ್ತು ಮಹಾಂತೇಶ. ನೀನು ಒಮ್ಮೆ ಬಾಯಿಂದ ಹೇಳು ಸಾಕು, ನಂಬುತ್ತೇನೆ ಎನ್ನಬೇಕಿತ್ತು. ಆದರೆ ಆ ಮನುಷ್ಯ ಇಡೀ ರಾತ್ರಿ ಗಾಡಿ ಓಡಿಸಬೇಕಾಗಿತ್ತು, ಬೆಳಗಾಗುವ ಹೊತ್ತಿಗೆ ಘಾಟು ಬರುತ್ತಿತ್ತು. ಎಲ್ಲರೂ ನೋಡುತ್ತಿದ್ದರು. ಮಹಾಂತೇಶ ಕತ್ತು ಬಗ್ಗಿಸಿ ನೋಡಿದ. ಮೊದಲು ಬಲಗೈ, ಆಮೇಲೆ ಎಡಗೈ, ಬೆರಳು ಬೆರಳಾಗಿ, ಏನೂ ಬಿಡದೆ ನೋಡಿದ. ಕೈಗಳು ಅಲುಗುತ್ತಿರಲಿಲ್ಲ. "ಹೋಗು" ಎಂದ.